ತಟ್ಟೆಯಲ್ಲೇ ಮುಗಿದುಹೋಗುವ ಹಲಾಲ್

ಚಳಿ ಸೀಮೆಯ ಐಷಾರಾಮಿ ಹಡಗಿಗೆ ಹೊರಟವರು ಪೆಟ್ಟಿಗೆಯಲ್ಲಿ ಏನೇನು ತುಂಬಿಕೊಳ್ಳಬೇಕು ಎಂಬುದನ್ನು ನಮ್ಮ ಪತ್ರಿಕೆಗಳ ಪ್ರವಾಸ ಪುಟಗಳೂ ಈಗ ಹೇಳಿಕೊಡುತ್ತಿವೆ. ಮೈಗೆ ಅಂಟಿ ಕೂರುವ ಮೆರಿನೊ ಉಣ್ಣೆಯ ಒಳಬಟ್ಟೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಕೋಟು. ಹತ್ತಿ ಬೇಡ, ಒದ್ದೆಯಾದ ಹತ್ತಿ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಕೈಗವಸು ಎರಡು ಜೊತೆ, ದುರ್ಬೀನು, ಹಡಗು ಹೊಯ್ದಾಡಿದರೆ ವಾಂತಿ ನಿಲ್ಲಿಸುವ ಮಾತ್ರೆ, ಹಿಮದ ಮೇಲಿನ ಬಿಸಿಲಿಗೆ ಕಪ್ಪು ಕನ್ನಡಕ. ಇದಿಷ್ಟು ಹಗಲಿನದು. ರಾತ್ರಿಯ ಔತಣಕ್ಕೆ ಗಂಡಸರಿಗೆ ಸೂಟು ಬೇಕು, ಹೆಂಗಸರಿಗೆ ರೇಷ್ಮೆ ಬೇಕು, ಹಡಗಿನ ಬಿಸಿನೀರ ಕೊಳಕ್ಕೆ ಈಜುಡುಗೆ ಬೇಕು. ಹಿಮನದಿಯನ್ನು ನೋಡಲು ಹೊರಟವನ ಪೆಟ್ಟಿಗೆಯಲ್ಲಿ ಈಜುಡುಗೆಯೂ ಇರುತ್ತದೆ ಎಂಬ ಒಂದು ಸಂಗತಿ ಸಾಕು, ಅವನು ನಿಜವಾಗಿ ಹೋಗುತ್ತಿರುವುದು ಚಳಿಯ ಪಕ್ಕದಲ್ಲಿ ತೇಲುವ ಒಂದು ಬೆಚ್ಚನೆಯ ಹೋಟೆಲಿಗೆ ಎಂದು ತಿಳಿಯಲು.

ಈ ಸಲಹೆಗಳು ಸುಳ್ಳಲ್ಲ. ಅಲಾಸ್ಕಾದ ಕೆಚಿಕಾನ್ ಎಂಬ ಬಂದರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂದರೆ ನಮ್ಮ ಆಗುಂಬೆಯ ಮಳೆಯ ಸುಮಾರು ಅರ್ಧ. ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರ ಮೊಮ್ಮಕ್ಕಳು, ಮಳೆಯಲ್ಲಿ ಹತ್ತಿ ಕೆಲಸಕ್ಕೆ ಬಾರದು ಉಣ್ಣೆಯೇ ಬೇಕು ಎಂಬುದನ್ನು ದುಡ್ಡು ಕೊಟ್ಟು ಕೇಳಿಸಿಕೊಳ್ಳುವಂತಾಯಿತಲ್ಲ ಎಂದು ನನಗೆ ಸ್ವಲ್ಪ ನಗು ಬರುತ್ತದೆ, ಅಷ್ಟೇ.

ಚಳಿಗೆ ಬಟ್ಟೆ ಕಟ್ಟುವ ವಿದ್ಯೆ ಮುಸ್ಲಿಮ್ ಮುಸಾಫಿರರಿಗೂ ಹೊಸದಲ್ಲ. 921ರಲ್ಲಿ ಬಾಗ್ದಾದಿನ ಖಲೀಫ ಮುಖ್ತದಿರ್, ವೋಲ್ಗಾ ನದಿಯ ದಂಡೆಯ ಬುಲ್ಗಾರರ ದೊರೆಯ ಬಳಿಗೆ ಒಂದು ನಿಯೋಗವನ್ನು ಕಳಿಸಿದ. ಅದರಲ್ಲಿದ್ದ ಇಬ್ನ್ ಫದ್ಲಾನ್ ತನ್ನ ಪ್ರಯಾಣವನ್ನು ಬರೆದಿಟ್ಟಿದ್ದಾನೆ. ದಾರಿಯಲ್ಲಿ ಖ್ವಾರಿಜಮ್ ಸೀಮೆಯಲ್ಲಿ ಚಳಿಗಾಲ ಕಳೆಯಬೇಕಾಯಿತು. ಹಮ್ಮಾಮಿನಿಂದ ಮನೆಗೆ ಬರುವಷ್ಟರಲ್ಲಿ ಗಡ್ಡ ಮಂಜುಗಡ್ಡೆಯಾಗಿ, ಬೆಂಕಿಯ ಮುಂದೆ ಕೂತು ಕರಗಿಸಿಕೊಳ್ಳಬೇಕಾಯಿತಂತೆ. ಮುಂದಿನ ದಾರಿಗೆ ಊರವರು ಹೇಳಿಕೊಟ್ಟಂತೆ ಅಂಗಿ, ಅದರ ಮೇಲೆ ಕಫ್ತಾನು, ಅದರ ಮೇಲೆ ಕುರಿಚರ್ಮ, ಅದರ ಮೇಲೆ ಉಣ್ಣೆಯ ಮುಸುಕು, ಕಣ್ಣೆರಡು ಮಾತ್ರ ಹೊರಗೆ. ಕಾಲಿಗೆ ಷರಾಯಿಯ ಮೇಲೆ ಷರಾಯಿ, ಬೂಟಿನ ಮೇಲೆ ಬೂಟು. ಇಷ್ಟನ್ನೂ ತೊಟ್ಟು ಒಂಟೆಯ ಮೇಲೆ ಕೂತರೆ ಮಿಸುಕಲೂ ಆಗುತ್ತಿರಲಿಲ್ಲ ಎನ್ನುತ್ತಾನೆ. ಇಂದಿನ ಸಲಹೆಗಾರರು 'ಪದರ ಪದರವಾಗಿ ತೊಡಿ' ಎನ್ನುವುದನ್ನು ಅವನು 1100 ವರ್ಷಗಳ ಹಿಂದೆಯೇ ಅನುಭವಿಸಿ ಬರೆದಿದ್ದ.

ಅವನು ಬರೆದ ಇನ್ನೊಂದು ಪ್ರಸಂಗ ನಮ್ಮ ಚರ್ಚೆಗೆ ಹೆಚ್ಚು ಹತ್ತಿರದ್ದು. ಬುಲ್ಗಾರ್‌ನಲ್ಲಿ ಒಂದು ಸಂಜೆ, ಬಾಗ್ದಾದಿನಿಂದ ಅಲ್ಲಿಗೆ ಬಂದು ನೆಲೆಸಿದ್ದ ದರ್ಜಿಯೊಬ್ಬನ ಜೊತೆ ಗುಡಾರದಲ್ಲಿ ಮಾತಾಡುತ್ತ ಇಶಾ ನಮಾಜಿನ ಅಜಾನಿಗೆ ಕಾಯುತ್ತಿದ್ದ. ಅಜಾನ್ ಕೇಳಿಸಿತು. ಹೊರಗೆ ಬಂದು ನೋಡಿದರೆ ಬೆಳಗಾಗಿತ್ತು. ಅದು ಫಜರಿನ ಅಜಾನ್. ಇಶಾವನ್ನು ಇಲ್ಲಿ ಮಗ್ರಿಬಿನ ಜೊತೆಗೇ ಮುಗಿಸುತ್ತೇವೆ ಎಂದ ಮುಅಜ್ಜಿನ್, ಫಜರ್ ತಪ್ಪೀತೆಂಬ ಭಯಕ್ಕೆ ತಾನು ತಿಂಗಳಿಂದ ರಾತ್ರಿ ಮಲಗಿಲ್ಲ ಎಂದೂ ಹೇಳಿದನಂತೆ.

ಬೇಸಿಗೆಯಲ್ಲಿ ಅಲಾಸ್ಕಾಕ್ಕೋ ನಾರ್ವೆಗೋ ಹೊರಡುವ ನಮ್ಮವರ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಸೂರ್ಯ ಮುಳುಗದ ಕಡೆ ನಮಾಜಿನ ವೇಳೆ ಹೇಗೆ? ಇನ್ನೊಂದು, ಊಟ. ಹಡಗಿನಲ್ಲಿ ಹಲಾಲ್ ಮಾಂಸ ಸಿಗುತ್ತದೆಯೇ, ಹಂದಿ ಬೇಯಿಸಿದ ಪಾತ್ರೆಯಲ್ಲೇ ನಮಗೂ ಬಡಿಸುತ್ತಾರೆಯೇ, ಸಾರಿಗೆ ವೈನು ಹಾಕುತ್ತಾರೆಯೇ. ಕೇಳಲಿ, ಕೇಳಬೇಕಾದ್ದೇ. ಮುಅಜ್ಜಿನನ ಆ ನಿದ್ದೆಗೆಟ್ಟ ತಿಂಗಳಿನ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ವಿಚಾರಣೆ ಅಲ್ಲಿಗೇ ನಿಂತುಬಿಡುತ್ತದೆ. ತಟ್ಟೆ ಹಲಾಲಾದರೆ ಪ್ರಯಾಣವೇ ಹಲಾಲಾಯಿತು. ತಟ್ಟೆಯನ್ನು ತಂದಿಟ್ಟವನ ಕೂಲಿ, ಹಡಗು ಓಡಿಸುವ ಎಣ್ಣೆ, ಹಡಗು ನಿಂತ ಊರಿನ ನೀರು, ಇವು ಯಾವುವೂ ನಮ್ಮ ಹಲಾಲ್-ಹರಾಮಿನ ಲೆಕ್ಕಕ್ಕೆ ಬರುವುದಿಲ್ಲ. ಇದು ನಮ್ಮೊಬ್ಬರ ಜಾಡ್ಯವಲ್ಲ. ಜೈನ ಊಟ ಕೊಡುತ್ತೇವೆ, ಅಡುಗೆಯವರನ್ನೇ ಜೊತೆಗೆ ಕರೆತರುತ್ತೇವೆ ಎಂದು ಜಾಹೀರಾತು ಮಾಡುವ ಪ್ರವಾಸ ಕಂಪನಿಗಳಿಗೆ ನಮ್ಮ ನೆರೆಹೊರೆಯ ಗಿರಾಕಿಗಳ ಸ್ವಭಾವವೂ ಚೆನ್ನಾಗಿ ಗೊತ್ತು. ಧರ್ಮವನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಬಾಗಿಲು ಹಾಕುವುದರಲ್ಲಿ ಈ ದೇಶದ ಎಲ್ಲ ಮತದವರೂ ನಿಸ್ಸೀಮರು.

ಅಲಾಸ್ಕಾದ ಮಾತನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿಯ ಲೆಕ್ಕಗಳು ಕೋರ್ಟಿನಲ್ಲೂ ಮತಪೆಟ್ಟಿಗೆಯಲ್ಲೂ ಬಯಲಾಗಿವೆ.

ಮೊದಲು ಎಣ್ಣೆ. ಕಚ್ಚಾ ತೈಲದಿಂದ ತೆಗೆಯಬೇಕಾದ್ದನ್ನೆಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಡಾಂಬರಿನಂಥ ದ್ರವವೇ ದೊಡ್ಡ ಹಡಗುಗಳ ಅಗ್ಗದ ಇಂಧನ. ಅದರಲ್ಲಿ ಗಂಧಕ ಹೆಚ್ಚು. ಉತ್ತರ ಅಮೆರಿಕದ ಕರಾವಳಿಯಲ್ಲಿ ಗಂಧಕದ ಮಿತಿ 2015ರಿಂದ ನೂರಕ್ಕೆ 0.1. ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯದ ಹೆಸರು ಸ್ಕ್ರಬ್ಬರ್. ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವುದು, ತೊಳೆದ ಹುಳಿನೀರನ್ನು ಸಮುದ್ರಕ್ಕೇ ಬಿಡುವುದು. ಆಕಾಶದ ಕೊಳೆ ನೀರಿಗೆ ಬಂತು, ಕಾನೂನು ಪಾಲನೆಯಾಯಿತು. ಡೆನ್ಮಾರ್ಕ್ ಇಂಥ ನೀರು ಬಿಡುವುದನ್ನು 2025ರ ಜುಲೈಯಿಂದ ತನ್ನ ಕರಾವಳಿಯಲ್ಲಿ ನಿಷೇಧಿಸಿತು. ನೀರಿನ ತಹಾರತಿನ ಬಗ್ಗೆ ಫಿಕ್ಹಿನ ಕಿತಾಬುಗಳಲ್ಲಿ ಅಧ್ಯಾಯಗಟ್ಟಲೆ ಓದಿದವರು ನಾವು. ಯಾವ ನೀರು ಶುದ್ಧ, ಎಷ್ಟು ಹೊಲಸು ಬಿದ್ದರೆ ಅಶುದ್ಧ, ಬಣ್ಣ ರುಚಿ ವಾಸನೆಗಳಲ್ಲಿ ಯಾವುದು ಕೆಡಬೇಕು ಎಂದು ಮದರಸದ ಹುಡುಗನೂ ಹೇಳುತ್ತಾನೆ. ಹರಿಯುವ ಹೊಳೆಯ ದಂಡೆಯಲ್ಲಿ ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಸ್ಕ್ರಬ್ಬರಿನ ನೀರಿನ ಮಸಲಾವನ್ನು ಯಾವ ಮುಫ್ತಿಯ ಮುಂದೆ ಯಾರು ಇಟ್ಟಿದ್ದಾರೆ?

ಇದು ಕಾನೂನಿನೊಳಗಿನ ಕೊಳೆ. ಕಾನೂನಿನ ಹೊರಗಿನದೂ ಇದೆ. 1999ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ತನ್ನ ಹಡಗುಗಳಿಂದ ಎಣ್ಣೆಯನ್ನೂ ವಿಷಕಾರಿ ರಾಸಾಯನಿಕಗಳನ್ನೂ ಸಮುದ್ರಕ್ಕೆ ಬಿಟ್ಟದ್ದಾಗಿ ಅಮೆರಿಕದ ಕೋರ್ಟುಗಳಲ್ಲಿ ಒಪ್ಪಿಕೊಂಡು 1 ಕೋಟಿ 80 ಲಕ್ಷ ಡಾಲರ್ ದಂಡ ಕಟ್ಟಿತು. ಆ ಸಮುದ್ರಗಳಲ್ಲಿ ಅಲಾಸ್ಕಾದ ಕಾಲುವೆಯೂ ಒಂದು. 2016ರಲ್ಲಿ ಪ್ರಿನ್ಸೆಸ್ ಕಂಪನಿ ಇಂಥದ್ದೇ ಅಪರಾಧಕ್ಕೆ 4 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಎಣ್ಣೆ ಬೆರೆತ ನೀರನ್ನು ಶುದ್ಧೀಕರಣ ಯಂತ್ರದ ಕಣ್ಣು ತಪ್ಪಿಸಿ ಸಮುದ್ರಕ್ಕೆ ದಾಟಿಸುವ ಕೊಳವೆಗೆ ಹಡಗಿನವರು ಇಟ್ಟುಕೊಂಡಿದ್ದ ಹೆಸರು 'ಮಾಯಾ ಕೊಳವೆ'. ಅದನ್ನು ಹೊರಗೆಡಹಿದವನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಎಂಜಿನಿಯರು. ಇಂಥ ಕಾವಲಿಗೆಂದೇ ಅಲಾಸ್ಕಾದ ಸಾಮಾನ್ಯ ಜನ 2006ರಲ್ಲಿ ಮತ ಹಾಕಿ ಒಂದು ಕಾನೂನು ತಂದರು. ಹಡಗಿನ ಪ್ರತಿ ಪ್ರಯಾಣಿಕನ ಮೇಲೆ ತೆರಿಗೆ, ಪ್ರತಿ ದೊಡ್ಡ ಹಡಗಿನ ಮೇಲೆ ಒಬ್ಬ ಸರಕಾರಿ ತನಿಖಾಧಿಕಾರಿ. ಕಂಪನಿಗಳು ಗೊಣಗಿದವು, 2010ರಲ್ಲಿ ತೆರಿಗೆ ಇಳಿಯಿತು. 2019ರಲ್ಲಿ ರಾಜ್ಯಪಾಲರು ತನಿಖಾಧಿಕಾರಿಗಳ ಹಣವನ್ನೇ ಕತ್ತರಿಸಿದರು.

ದಕ್ಷಿಣ ಧ್ರುವದ ಕಡೆಗೆ ಹೋಗುವವರ ಬಗ್ಗೆ ಒಂದೇ ಮಾತು. ಅಂಟಾರ್ಟಿಕಾದ ಹಿಮದ ಮೇಲೆ ಕೂರುವ ಮಸಿಯನ್ನು ಅಳೆದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಪ್ರವಾಸಿ ಒಬ್ಬನ ಲೆಕ್ಕಕ್ಕೆ ಸುಮಾರು 83 ಟನ್ ಹಿಮ ಬೇಗನೆ ಕರಗಿಹೋಗುತ್ತದೆ. ಹಡಗಿನವರು ಅಲ್ಲಿ ಪುಕ್ಕಟೆಯಾಗಿ ಕೊಡುವ ದಪ್ಪ ಕೋಟನ್ನು ಅವನು ಊರಿಗೆ ತರುತ್ತಾನೆ. ಬೆಂಗಳೂರಿನ ಡಿಸೆಂಬರಿಗೆ ಅದು ಅತಿ, ಮಂಗಳೂರಿಗೆ ತಮಾಷೆ.

ಇನ್ನು ತಟ್ಟೆ ತಂದಿಡುವವನು. ಹಾಲೆಂಡ್ ಅಮೆರಿಕ ಲೈನ್ ಎಂಬ ಕಂಪನಿ ಅಲಾಸ್ಕಾ ಯಾತ್ರೆಗೆ ಹಳೆಯ ಹೆಸರು. ಅದರ ಊಟದ ಮನೆ, ಕೋಣೆಗಳ ಸೇವೆಗೆ ಬಹುಕಾಲದಿಂದ ಇಂಡೋನೇಷ್ಯಾ ಮತ್ತು ಫಿಲಿಪೈನ್ಸಿನ ಹುಡುಗರು ಬರುತ್ತಾರೆ. ಒಂದು ಕಾಲಕ್ಕೆ ಡಚ್ಚರು ಆಳಿದ ದೇಶದಿಂದ ಡಚ್ ಹೆಸರಿನ ಹಡಗಿಗೆ. ಇವರ ಜೊತೆ ಗೋವಾದವರೂ ಮಂಗಳೂರಿನವರೂ ಕೇರಳದವರೂ ಈ ಬಗೆಯ ಹಡಗುಗಳಲ್ಲಿ ಇದ್ದಾರೆ. ಜಾವಾದಿಂದ ಬಂದ ಹುಡುಗನ ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಅಹ್ಮದ್ ಎಂದೋ ಯೂಸುಫ್ ಎಂದೋ ಇರುವುದು ಅಪರೂಪವಲ್ಲ. ಅವನ ಕೈಯಲ್ಲಿ ಎರಡು ತಟ್ಟೆ. ಒಂದು ನಮ್ಮವನು ವಿಚಾರಿಸಿ ಖಾತ್ರಿ ಮಾಡಿಕೊಂಡ ಹಲಾಲ್ ಕೋಳಿ, ಇನ್ನೊಂದು ಪಕ್ಕದ ಮೇಜಿನವರ ಹಂದಿ. ತನ್ನ ತಟ್ಟೆಯನ್ನು ಅಷ್ಟು ವಿಚಾರಿಸಿದವನು, ತಮ್ಮಾ ನಿನಗೆ ಶುಕ್ರವಾರದ ಜುಮಾ ಸಿಗುತ್ತದೆಯೇ ಎಂದು ಕೇಳಿದ್ದನ್ನು ನಾನು ಯಾವ ಪ್ರವಾಸ ಕಥನದಲ್ಲೂ ಓದಿಲ್ಲ.

ನಾವಿಕರ ದುಡಿಮೆಯ ಅಂತಾರಾಷ್ಟ್ರೀಯ ಒಪ್ಪಂದವೊಂದು 2006ರಲ್ಲಿ ಆಗಿ 2013ರಲ್ಲಿ ಜಾರಿಗೆ ಬಂತು. ಅದರಂತೆ ದಿನದಲ್ಲಿ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಟ್ಟರೆ ಸಾಕು. ವಾರಕ್ಕಿರುವುದು 168 ಗಂಟೆ. ಕಳೆದು ನೋಡಿ, 91 ಗಂಟೆ ದುಡಿಸಿಕೊಂಡರೂ ಒಪ್ಪಂದ ಮುರಿಯುವುದಿಲ್ಲ. ಎಂಟೊಂಬತ್ತು ತಿಂಗಳ ಕರಾರು, ವಾರದ ರಜೆ ಎಂಬ ಮಾತಿಲ್ಲ, ನೀರಿನ ಮಟ್ಟಕ್ಕೆ ಸಮನಾಗಿಯೋ ಕೆಳಗೋ ಇರುವ ಕಿಟಕಿಯಿಲ್ಲದ ಕೋಣೆಯನ್ನು ಇನ್ನೊಬ್ಬನೊಡನೆ ಹಂಚಿಕೊಳ್ಳಬೇಕು. ಬಂದರಿನಲ್ಲಿ ನಾಲ್ಕು ಗಂಟೆ ಬಿಡುವು ಸಿಕ್ಕಿದರೆ ಅವನು ಹಿಮನದಿ ನೋಡಲು ಹೋಗುವುದಿಲ್ಲ, ಮನೆಗೆ ಫೋನ್ ಮಾಡಲು ಮೂಲೆ ಹುಡುಕುತ್ತಾನೆ. ರಾಯಲ್ ಕೆರಿಬಿಯನ್ನಿನ ಕಚೇರಿ ಅಮೆರಿಕದ ಮಯಾಮಿಯಲ್ಲಿದ್ದರೂ ಅದರ ನೋಂದಣಿ ಆಫ್ರಿಕದ ಲೈಬೀರಿಯಾದಲ್ಲಿ, ಹಡಗುಗಳ ಬಾವುಟ ಹೆಚ್ಚಾಗಿ ಬಹಾಮಾದ್ದು. ಅಮೆರಿಕದ ಕನಿಷ್ಠ ಕೂಲಿ ಅಮೆರಿಕದ ದಡದಲ್ಲೇ ನಿಂತುಬಿಡುತ್ತದೆ.

ಗಲ್ಫಿನಲ್ಲಿ ಲೇಬರ್ ಕ್ಯಾಂಪಿನ ಬಂಕಿನ ಮೇಲೆ ಮಲಗಿ ಬಂದ ಅಣ್ಣ, ಚಿಕ್ಕಪ್ಪ, ಭಾವ ಇಲ್ಲದ ಮುಸ್ಲಿಮ್ ಮನೆ ನಮ್ಮ ಕರಾವಳಿಯಲ್ಲಿ ಎಷ್ಟಿದೆ? ಪಾಸ್‌ಪೋರ್ಟು ಮಾಲೀಕನ ಕಪಾಟಿನಲ್ಲಿಟ್ಟು ದುಡಿದವರ ಕತೆಗಳನ್ನು ಕೇಳುತ್ತಲೇ ಬೆಳೆದ ಪೀಳಿಗೆ ಇದು. ಆ ದುಡ್ಡಿನಿಂದ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಆ ಮಕ್ಕಳು ಈಗ ಹಡಗಿನ ಮೇಲಂತಸ್ತಿನಲ್ಲಿ ಕೂತಾಗ ಕೆಳಗಿನ ಅಂತಸ್ತು ಕಣ್ಣಿಗೆ ಬೀಳುವುದಿಲ್ಲ ಎಂದರೆ ಏನು ಹೇಳಬೇಕು. ಇನ್ನೂ ಬೇಸರದ ಸಂಗತಿಯೊಂದಿದೆ. ಕೆಲಸದವರಿಗೆಂದು ದಿನಕ್ಕೆ ತಲೆಗೆ ಹದಿನಾರೋ ಇಪ್ಪತ್ತೋ ಡಾಲರನ್ನು ಹಡಗಿನ ಬಿಲ್ಲಿಗೆ ತಾನಾಗಿ ಸೇರಿಸುವ ಪದ್ಧತಿಯಿದೆ. ತಾನು ಕೊಡಬೇಕಾದ ಕೂಲಿಯನ್ನು ಪ್ರಯಾಣಿಕನ ಜೇಬಿನಿಂದ ಕೊಡಿಸುವ ಕಂಪನಿಯ ಜಾಣತನ ಅದು, ಒಪ್ಪಿದೆ. ಆದರೆ ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕುವುದು ಹೇಗೆ ಎಂದು ಒಬ್ಬರಿಗೊಬ್ಬರು ಹೇಳಿಕೊಡುವ ಸಲಹೆಗಳೂ ಓಡಾಡುತ್ತಿವೆ. ಕಂಪನಿಯ ಮೇಲಿನ ಸಿಟ್ಟನ್ನು ಅಹ್ಮದನ ಹೊಟ್ಟೆಯ ಮೇಲೆ ತೀರಿಸಿಕೊಳ್ಳುವುದು. ಕೂಲಿಯವನ ಬೆವರು ಮತ್ತು ಅವನ ಹಕ್ಕಿನ ಬಗ್ಗೆ ಜುಮಾ ಖುತ್ಬಾದಲ್ಲಿ ಕೇಳಿದ್ದು ಸಮುದ್ರದ ಮೇಲೆ ಅನ್ವಯಿಸುವುದಿಲ್ಲವೇನೋ.

ಇನ್ನು ದಡದ ಯಾತ್ರೆಗಳು. ಪೆಟ್ಟಿಗೆ ಕಟ್ಟಿದ ಮೇಲಿನ ಎರಡನೆಯ ದೊಡ್ಡ ಕೆಲಸ ಇದೇ. ಯಾವ ಬಂದರಿನಲ್ಲಿ ಇಳಿದು ಏನು ನೋಡಬೇಕು, ಯಾವುದನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿದು ನಾಯಿ ಎಳೆಯುವ ಜಾರುಬಂಡಿಯಲ್ಲಿ ಒಂದು ಸುತ್ತು, ಇದಕ್ಕೆ ತಲೆಗೆ ನೂರಾರು ಡಾಲರು. ತಿಮಿಂಗಿಲ ನೋಡುವ ದೋಣಿ, ಚಿನ್ನ ಹುಡುಕಿಹೋದವರ ಕಾಲದ ರೈಲು. ಹಡಗಿನವರು ಮಾರುವ ಯಾತ್ರೆಯಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತದೆ. ಊರಿನವನ ವ್ಯಾನಿನಲ್ಲಿ ಹೋಗಿ ತಡವಾದರೆ ಕಾಯುವುದಿಲ್ಲ. ಈ ಒಂದು ಹೆದರಿಕೆಯ ಮೇಲೆ ದೊಡ್ಡ ವ್ಯಾಪಾರ ನಿಂತಿದೆ. ಊರಿನವನು ನಡೆಸುವ ಯಾತ್ರೆಯನ್ನೇ ಹಡಗಿನವರು ತಮ್ಮ ಪಾಲು ಸೇರಿಸಿ ಮಾರುತ್ತಾರೆ. ಸ್ಕ್ಯಾಗ್‌ವೇ ಎಂಬ ಬಂದರಿನ ಆ ಹಳೆಯ ರೈಲನ್ನು 2018ರಲ್ಲಿ ಕೊಂಡವರಲ್ಲಿ ಕಾರ್ನಿವಲ್ ಹಡಗು ಕಂಪನಿಯೇ ಪಾಲುದಾರ. ಹಡಗೂ ಅವರದೇ, ರೈಲೂ ಅವರದೇ ಆದ ಮೇಲೆ ದಡಕ್ಕೆ ಇಳಿದೆ ಎನ್ನುವುದು ಒಂದು ಮಾತಷ್ಟೇ.

ಆ ಸ್ಕ್ಯಾಗ್‌ವೇಯ ಜನಸಂಖ್ಯೆ 1,200ರ ಆಸುಪಾಸು. ಬೇಸಿಗೆಯ ಒಂದೇ ದಿನ ಹಡಗುಗಳಿಂದ ಇಳಿಯುವವರು ಹತ್ತು ಸಾವಿರ ದಾಟಿದ್ದುಂಟು. ಮುಖ್ಯ ಬೀದಿಯಲ್ಲಿ ಸಾಲು ಸಾಲು ಒಡವೆ ಅಂಗಡಿಗಳು. ಕೆರಿಬಿಯನ್ ಬಂದರುಗಳಲ್ಲಿರುವ ಅಂಗಡಿಗಳ ಶಾಖೆಗಳೇ ಇಲ್ಲಿಯೂ ಋತುವಿಗೆ ಬಂದು ಬಾಗಿಲು ತೆರೆಯುತ್ತವೆ, ಕೊನೆಯ ಹಡಗು ಹೋದೊಡನೆ ಮುಚ್ಚುತ್ತವೆ. ಅಲ್ಲಿ ಭರಾಟೆಯಿಂದ ಮಾರುವ ನೀಲಿ ಕಲ್ಲಿನ ಹೆಸರು ಟಾಂಜನೈಟ್. ಹೆಸರೇ ಹೇಳುವಂತೆ ಅದು ಸಿಗುವುದು ಟಾಂಜಾನಿಯಾದ ಒಂದೇ ಒಂದು ಬೆಟ್ಟದ ತಪ್ಪಲಿನಲ್ಲಿ. ಅಲಾಸ್ಕಾದ ನೆನಪಿಗೆ ಆಫ್ರಿಕದ ಕಲ್ಲು ಕಟ್ಟಿಕೊಂಡು ಬಂದವರು ನಮ್ಮಲ್ಲೂ ಇದ್ದಾರು.

ಇನ್ನೊಂದು ತಮಾಷೆ ಕೇಳಿ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹೆಚ್ಚಿನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ಕೆಲವೇ ಗಂಟೆ ನಿಲ್ಲುತ್ತವೆ. ಕತ್ತಲಾಗುವ ಹೊತ್ತಿಗೆ ಇಳಿದು ಏನು ನೋಡಬೇಕೆಂದು ಪ್ರವಾಸ ಪುಟಗಳು ತಲೆ ಕೆಡಿಸಿಕೊಳ್ಳುತ್ತವೆ. ಅಲ್ಲಿ ನಿಲ್ಲುವ ಕಾರಣ ವಿಕ್ಟೋರಿಯಾದ ಚೆಲುವಲ್ಲ, 1886ರ ಒಂದು ಅಮೆರಿಕನ್ ಕಾಯಿದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನ ಸಾಗಿಸುವಂತಿಲ್ಲ. ನಡುವೆ ಒಂದು ಪರದೇಶವನ್ನು ಮುಟ್ಟಬೇಕು. ತೆರಿಗೆಗೂ ಕೂಲಿಗೂ ಹೆದರಿ ಬಹಾಮಾದ ಬಾವುಟ ಹಾರಿಸಿದ್ದರ ಪ್ರಾಯಶ್ಚಿತ್ತವೇ ಆ ವಿಹಾರ.

ಜುನೋ ಅಲಾಸ್ಕಾದ ರಾಜಧಾನಿ. ಮೂವತ್ತೆರಡು ಸಾವಿರದಷ್ಟು ಜನರ ಊರು. 2023ರ ಒಂದೇ ಋತುವಿನಲ್ಲಿ ಅಲ್ಲಿಗೆ ಹಡಗುಗಳಲ್ಲಿ ಬಂದವರು 16 ಲಕ್ಷಕ್ಕೂ ಹೆಚ್ಚು. ಹೆಲಿಕಾಪ್ಟರುಗಳ ಸದ್ದಿನ ಬಗ್ಗೆ ದೂರು ಹೇಳಲು ಆ ಊರಿನಲ್ಲಿ ಒಂದು ಫೋನ್ ಸಂಖ್ಯೆ ಇದೆ. ಊರಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಮೆಂಡೆನ್‌ಹಾಲ್ ಹಿಮನದಿ ಎಲ್ಲ ಯಾತ್ರಾಪಟ್ಟಿಗಳಲ್ಲೂ ಮೊದಲನೆಯದು. ಅದು ಸವೆಯುತ್ತ ಹಿಂದೆ ಸರಿಯುತ್ತಿದೆ. ಅದರ ಪಕ್ಕದ ಇನ್ನೊಂದು ಹಿಮನದಿ ಹಿಂಜರಿದು ಖಾಲಿಯಾದ ಕಣಿವೆಯಲ್ಲಿ ಕರಗಿದ ನೀರು ತುಂಬಿ, 2011ರಿಂದ ಬೇಸಿಗೆಯಲ್ಲಿ ಹಿಮದ ಅಡಿಯಿಂದ ನುಗ್ಗಿ ಊರಿನ ಹೊಳೆಗೆ ಬರುತ್ತಿದೆ. 2023ರ ಆಗಸ್ಟಿನಲ್ಲಿ ದಂಡೆ ಕುಸಿದು ಮನೆಯೊಂದು ಹೊಳೆಗೆ ಉರುಳಿತು. 2024ರ ಆಗಸ್ಟಿನಲ್ಲಿ ಮುನ್ನೂರರಷ್ಟು ಮನೆಗಳಿಗೆ ನೀರು ನುಗ್ಗಿತು. 2025ರ ಆಗಸ್ಟಿನಲ್ಲಿ ನೀರು ಹಿಂದಿನ ದಾಖಲೆಯನ್ನೂ ಮೀರಿ ಏರಿತು. ಊರವರು ಕಟ್ಟಿಕೊಂಡಿದ್ದ ತಾತ್ಕಾಲಿಕ ತಡೆಗೋಡೆ ಬಹುಪಾಲು ಮನೆಗಳನ್ನು ಕಾಪಾಡಿತು. ಇದೇ ಆಗಸ್ಟ್ ಹಡಗು ಋತುವಿನ ಭರಾಟೆಯ ತಿಂಗಳು. ಒಂದು ಕಡೆ ಹಿಮನದಿಯ ಮುಂದೆ ನಿಂತು ಫೋಟೋ, ಅದೇ ಹಿಮನದಿಯ ನೀರಿನಲ್ಲಿ ಒಂದು ಮನೆಯ ಅಡುಗೆಕೋಣೆ.

'ಅಲ್ಲಿಯ ಜನರೇ ಹಡಗು ಬೇಕೆನ್ನುವಾಗ ನಿಮ್ಮದೇನು ತಕರಾರು?' ಎಂದು ಕೇಳಬಹುದು. ಸರಿಯಾದ ಪ್ರಶ್ನೆ. 2024ರ ಅಕ್ಟೋಬರಿನಲ್ಲಿ ಶನಿವಾರಗಳಂದು ದೊಡ್ಡ ಹಡಗುಗಳೇ ಬೇಡ ಎಂಬ ಪ್ರಸ್ತಾಪ ಜುನೋದಲ್ಲಿ ಮತಕ್ಕೆ ಬಂದು, ನೂರಕ್ಕೆ ಅರವತ್ತರಷ್ಟು ಜನ ಅದನ್ನು ತಳ್ಳಿಹಾಕಿದರು. ಅವರ ಅನ್ನ ಅದರಲ್ಲಿದೆ. ಆದರೆ ಅದೇ ಊರು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. 2026ರಿಂದ ದಿನಕ್ಕೆ 16 ಸಾವಿರ, ಶನಿವಾರ 12 ಸಾವಿರ ಪ್ರಯಾಣಿಕರ ಮಿತಿ ಹಾಕಿಸಿತು. ನಾರ್ವೆಯವರು ಸ್ವಾಲ್ಬಾರ್ಡ್ ದ್ವೀಪಗಳ ರಕ್ಷಿತ ಪ್ರದೇಶಕ್ಕೆ 2025ರಿಂದ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗನ್ನು ಬಿಡುತ್ತಿಲ್ಲ. ಅವರೆಲ್ಲ ಅತಿಥಿ ಬೇಡ ಎನ್ನುತ್ತಿಲ್ಲ, ಇಷ್ಟು ಜನ ಸಾಕು ಎನ್ನುತ್ತಿದ್ದಾರೆ. ಈ 'ಸಾಕು' ಎಂಬ ಮಾತು ಪೆಟ್ಟಿಗೆ ಕಟ್ಟುವ ಸಲಹೆಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಗ್ಲೇಸಿಯರ್ ಬೇ ಕೊಲ್ಲಿಯ ಕತೆಯನ್ನು ಬಿಡಲಾರೆ. ಅದು ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿಗಳ ತಾಯ್ನೆಲ. 18ನೇ ಶತಮಾನದಲ್ಲಿ ಹಿಮನದಿ ಮುಂದೆ ನುಗ್ಗಿ ಅವರನ್ನು ಹೊರಗೆ ಹಾಕಿತು. ಹಿಮ ಹಿಂದೆ ಸರಿದ ಮೇಲೆ ಅವರು ಬೇಟೆಗೆ, ಮೊಟ್ಟೆಗೆ ಮರಳಿ ಬರತೊಡಗಿದರು. 1925ರಲ್ಲಿ ಸರಕಾರ ಆ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಕಾಲಕ್ರಮದಲ್ಲಿ ಸೀಲ್ ಬೇಟೆ ನಿಂತಿತು, ಕಡಲಕ್ಕಿಯ ಮೊಟ್ಟೆ ಆರಿಸುವುದೂ ಅಪರಾಧವಾಯಿತು. ಅಜ್ಜಿಯ ಜೊತೆ ದೋಣಿಯಲ್ಲಿ ಹೋಗಿ ಗೂಡಿನಲ್ಲಿ ಒಂದೆರಡನ್ನು ಬಿಟ್ಟು ಉಳಿದ ಮೊಟ್ಟೆ ತರುವ ಸಂಪ್ರದಾಯ ಹಲವು ದಶಕ ಕಾನೂನಿನ ಹೊರಗಿತ್ತು. ಅದಕ್ಕೆ ಅನುಮತಿ ಕೊಡುವ ಕಾನೂನು ಬಂದದ್ದು 2014ರಲ್ಲಿ. ಅಷ್ಟು ವರ್ಷವೂ ಸಾವಿರಾರು ಜನರ ಹಡಗುಗಳು ಅದೇ ಕೊಲ್ಲಿಗೆ ಹೋಗುತ್ತಿದ್ದವು, ಮೇಲಂತಸ್ತಿನಲ್ಲಿ ಬೆಳಗಿನ ಉಪಾಹಾರಕ್ಕೆ ಆಮ್ಲೆಟ್ ಬೇಯುತ್ತಿತ್ತು.

ಅದೇ ಜನ ತಮ್ಮ ಹೂನಾ ಊರಿನ ಹಳೆಯ ಮೀನು ಕಾರ್ಖಾನೆಯನ್ನು 2004ರಲ್ಲಿ ತಾವೇ ಬಂದರು ಮಾಡಿ ಐಸಿ ಸ್ಟ್ರೇಟ್ ಪಾಯಿಂಟ್ ಎಂದು ಹೆಸರಿಟ್ಟರು. ಅಂಗಡಿಗಳೂ ಯಾತ್ರೆಗಳೂ ಅವರದೇ ಸಂಸ್ಥೆಯವು, ಕೆಲಸಕ್ಕೂ ಹೆಚ್ಚಾಗಿ ಅವರದೇ ಮಕ್ಕಳು. ಹಡಗು ಬಂದರೂ ದುಡ್ಡು ಊರಿನಲ್ಲಿ ನಿಲ್ಲುವಂತೆ ಮಾಡಬಹುದು ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ. ಆದರೆ ಯಾತ್ರೆ ಆಯ್ಕೆ ಮಾಡುವಾಗ ಇದು ಯಾರ ಒಡೆತನದ್ದು ಎಂದು ಕೇಳಿ ಎನ್ನುವ ಸಲಹೆ ಎಲ್ಲೂ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮವರಿಂದಲೇ ಬರುತ್ತದೆ. ನಮ್ಮ ಸಮುದಾಯದ ಸ್ಥಿತಿ ಎಷ್ಟು ಹಿಂದುಳಿದಿದೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು; ಈಗ ನಾಲ್ಕು ಜನ ನಾಲ್ಕು ಕಾಸು ಮಾಡಿ ಲೋಕ ನೋಡಲು ಹೊರಟರೆ ನಿಮಗೇಕೆ ಹೊಟ್ಟೆಯುರಿ? ಇಷ್ಟು ದಿನ ಮೇಲ್ಜಾತಿಯವರು, ಬಿಳಿಯರು ಹೋದಾಗ ಯಾರೂ ಕೇಳಲಿಲ್ಲವಲ್ಲ? ಕೇಳಿದ್ದಾರೆ, ಅಲಾಸ್ಕಾದವರು ಮತ ಹಾಕಿಯೇ ಕೇಳಿದ್ದಾರೆ. ನೋಯಿಸಿಕೊಂಡವನಿಗೆ ನೋಯಿಸುವ ಸರದಿಯೂ ಬರಬೇಕು ಎಂಬ ವಾದ ನನಗೆ ಹಿಡಿಸುವುದಿಲ್ಲ. ಹಜ್ಜಿನ ವಿಮಾನ ಹೊಗೆ ಉಗುಳುವುದಿಲ್ಲವೇ ಎಂದೂ ಕೇಳುತ್ತಾರೆ. ಉಗುಳುತ್ತದೆ. ಐದು ನಕ್ಷತ್ರದ ಹಜ್ ಪ್ಯಾಕೇಜುಗಳ ಬಗ್ಗೆ ಬರೆಯಬೇಕಾದ್ದು ಬೇರೆಯೇ ಇದೆ. ಆದರೆ ಹಜ್ಜನ್ನು ಎಳೆದು ತಂದದ್ದರಿಂದ ಅದರ ಪೆಟ್ಟಿಗೆಯ ಮಾತನ್ನೂ ಹೇಳುತ್ತೇನೆ. 1995ರವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹಜ್ಜಿನ ಹಡಗು ಹೋಗುತ್ತಿತ್ತು. ಹೊರಡುವ ಮುನ್ನ ಹಿರಿಯರು ಮಾಡುತ್ತಿದ್ದ ಮೊದಲ ತಯಾರಿ ಸಾಲ ತೀರಿಸುವುದು. ಆಮೇಲೆ ಬೀದಿಯ ಮನೆಮನೆಗೆ ಹೋಗಿ, ಹಿಂದೂ ಮುಸ್ಲಿಮ್ ಎನ್ನದೆ, 'ಕಹಾ ಸುನಾ ಮಾಫ್' ಎನ್ನುವುದು. ಬಟ್ಟೆ ಬರೆ ಆಮೇಲೆ. ಬಟ್ಟೆ ತಾನೇ ಎಷ್ಟು, ಇಹ್ರಾಮಿಗೆ ಹೊಲಿಗೆಯಿಲ್ಲದ ಎರಡು ತುಂಡು.

ಪ್ರಯಾಣವೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಬ್ನ್ ಬತೂತನನ್ನು ಓದಿ ಬೆಳೆದವನು ಹಾಗೆ ಹೇಳಲಾರ. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರಿಗೂ ಬಂದುಹೋದ ಆ ಮಹಾಶಯ ಅದಕ್ಕೂ ಮುಂಚೆ ಉತ್ತರದ ಹಿಮದಲ್ಲೂ ಓಡಾಡಿದ್ದ. ಮೂರು ತುಪ್ಪಳದ ಕೋಟು ತೊಟ್ಟು ಕುದುರೆ ಹತ್ತಲಾಗದೆ ಜೊತೆಗಾರರಿಂದ ಎತ್ತಿಸಿಕೊಂಡ, ವುಜೂವಿನ ನೀರು ಗಡ್ಡದಲ್ಲೇ ಹೆಪ್ಪುಗಟ್ಟಿತು ಎಂದೆಲ್ಲ ಬರೆಯುತ್ತಾನೆ. ಬುಲ್ಗಾರಿನಿಂದ ನಲವತ್ತು ದಿನದ ದಾರಿಯಾಚೆಗೆ 'ಕತ್ತಲೆಯ ನಾಡು' ಇದೆ ಎಂದು ಕೇಳಿದ. ಬುಲ್ಗಾರಿಗೆ ಅವನು ನಿಜವಾಗಿ ಹೋಗಿದ್ದನೇ ಎಂದು ವಿದ್ವಾಂಸರಿಗೆ ಅನುಮಾನವಿದೆ, ಇರಲಿ. ಕೇಳಿ ಬರೆದದ್ದಾದರೂ ಸೊಗಸಾಗಿದೆ. ಅಲ್ಲಿಗೆ ನಾಯಿ ಎಳೆಯುವ ಗಾಡಿಯಲ್ಲೇ ಹೋಗಬೇಕು. ಊಟದ ಹೊತ್ತಿಗೆ ಮೊದಲು ನಾಯಿಗಳಿಗೆ ಹಾಕಿ ಆಮೇಲೆ ಮನುಷ್ಯರು ತಿನ್ನಬೇಕು, ಇಲ್ಲವಾದರೆ ಮುಂದಾಳು ನಾಯಿ ಸಿಟ್ಟಾಗಿ ಯಜಮಾನನನ್ನು ಸಾಯಲು ಬಿಟ್ಟು ಓಡುತ್ತದೆ. ವ್ಯಾಪಾರಿಗಳು ಸರಕನ್ನು ಹಿಮದ ಮೇಲಿಟ್ಟು ಹಿಂದೆ ಸರಿಯುತ್ತಾರೆ, ಮರುದಿನ ಅದರೆದುರು ತುಪ್ಪಳ ಇಟ್ಟಿರುತ್ತದೆ. ಇಟ್ಟವರು ಮನುಷ್ಯರೋ ಜಿನ್ನರೋ ಕೊಂಡವನಿಗೆ ತಿಳಿಯದು. ಅಲಾಸ್ಕಾದ ಬೀದಿಯಲ್ಲಿ ಟಾಂಜನೈಟ್ ಕೊಳ್ಳುವವನಿಗೂ ಅದನ್ನು ಅಗೆದವರು ಯಾರೆಂದು ತಿಳಿಯದು. ಇಬ್ನ್ ಬತೂತ ಆ ಕತ್ತಲೆಯ ನಾಡಿಗೆ ಹೋಗಬೇಕೆಂದುಕೊಂಡವನು ಲೆಕ್ಕ ಹಾಕಿ ನೋಡಿ, ಕಷ್ಟ ಬಹಳ, ಫಾಯಿದೆ ಕಡಿಮೆ ಎಂದು ಬಿಟ್ಟುಬಿಟ್ಟ. ಲೋಕವನ್ನೆಲ್ಲ ಸುತ್ತಿದವನಿಗೂ ಬಿಟ್ಟುಬಿಡುವುದು ಗೊತ್ತಿತ್ತು.

ಬಿಡಲಾರೆ, ಅಲಾಸ್ಕಾವನ್ನು ನೋಡಲೇಬೇಕು ಎನ್ನುವವರಿಗೆ ಇನ್ನೊಂದು ದಾರಿಯಿದೆ. 1963ರಿಂದ ಆ ರಾಜ್ಯ ಸರಕಾರವೇ ದೋಣಿ ಸರ್ವೀಸು ನಡೆಸುತ್ತಿದೆ. ಅದೂ ಎಣ್ಣೆಯಿಂದಲೇ ಓಡುತ್ತದೆ. ಆದರೆ ಅದು ಊರಿಂದೂರಿಗೆ ಶಾಲೆಯ ಮಕ್ಕಳು, ರೋಗಿಗಳು, ಮೀನುಗಾರರು, ಅವರ ಟ್ರಕ್ಕುಗಳು ಓಡಾಡುವ ದಾರಿ, ನೀವು ಹೋಗದಿದ್ದರೂ ಹೋಗುವಂಥದ್ದು. ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಹತ್ತಿದರೆ ಕೆಚಿಕಾನ್, ಜುನೋ ಎರಡಕ್ಕೂ ಹೋಗಬಹುದು. ಕೋಣೆಗೆ ದುಡ್ಡಿಲ್ಲದವರು ಮೇಲಿನ ಅಟ್ಟದಲ್ಲಿ ಗುಡಾರ ಹಾಕಿಕೊಳ್ಳುತ್ತಾರೆ. ಹಾಸುಹಲಗೆಗೆ ಗೂಟ ಹೊಡೆಯಲಾಗದ್ದರಿಂದ ಗುಡಾರದ ಅಂಚನ್ನು ಅಂಟುಪಟ್ಟಿಯಿಂದ ಅಂಟಿಸುತ್ತಾರೆ, ಗಾಳಿ ಜೋರು. ಪೆಟ್ಟಿಗೆಯಲ್ಲಿ ಸೂಟಿನ ಜಾಗಕ್ಕೆ ಅದೊಂದು ಸುರುಳಿ ಇರಲಿ, ಅಜ್ಜನ ಕಂಬಳಿ ಇದ್ದರೆ ಅದೂ ಇರಲಿ. ಊಟ ಕ್ಯಾಂಟೀನಿನದು, ಸಾಲಿನಲ್ಲಿ ನಿಂತು ತರಬೇಕು. ಮೀನು ಸಿಗುತ್ತದೆ. ಮೀನು ಹಲಾಲೋ ಅಲ್ಲವೋ ಎಂದು ಯಾರನ್ನೂ ಕೇಳಬೇಕಾಗಿಲ್ಲ.